ಕಂಪನಿಯ ಹೆಸರು ಹೇಳದೆ ರೆಸ್ಯೂಮೆ ಕೇಳಿದರೆ

ನೌಕ್ರಿ ಡಾಟ್ ಕಾಮ್‌ನಲ್ಲಿ ಪ್ರೊಫೈಲ್ ಸ್ವಲ್ಪ ತಿದ್ದಿದರೂ ಸಾಕು, ಕಂಪನಿಗಳಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಗಳ ಕರೆಗಳು ಶುರು. "ಮೇಡಂ, ವೈಟ್‌ಫೀಲ್ಡ್‌ನಲ್ಲಿ ದೊಡ್ಡ ಕಂಪನಿ, ಟೆಸ್ಟ್ ಲೀಡ್ ಹುದ್ದೆ, ರೆಸ್ಯೂಮೆ ಕಳುಹಿಸಿಬಿಡಿ." ಯಾವ ಕಂಪನಿ ಎಂದರೆ, "ಶಾರ್ಟ್‌ಲಿಸ್ಟ್ ಆದ ಮೇಲೆ ಹೇಳುತ್ತೇವೆ." ನಾನು ಅಲ್ಲಿಗೇ ಮಾತು ಮುಗಿಸುತ್ತೇನೆ. ಯಾರ ಮನೆಯೆಂದು ತಿಳಿಯದೆ ಜಾತಕ ಕೊಡುವವರುಂಟೇ?

ಅವರ ಅವಸರಕ್ಕೆ ಕಾರಣವಿದೆ. ಒಂದೇ ಹುದ್ದೆಗೆ ಹಲವು ಕನ್ಸಲ್ಟೆನ್ಸಿಗಳು ಹುಡುಕುತ್ತಿರುತ್ತವೆ. ನೀವು ಕೆಲಸಕ್ಕೆ ಸೇರಿದರೆ ಕಳುಹಿಸಿದವರಿಗೆ ಕಂಪನಿ ಕಮಿಷನ್ ಕೊಡುತ್ತದೆ. ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ ಎಂಬುದು ಇಲ್ಲಿ ರೂಢಿಯ ಲೆಕ್ಕ. 18 ಲಕ್ಷದ ಹುದ್ದೆಗೆ ಒಂದೂವರೆ ಲಕ್ಷ. ಅದಕ್ಕೇ ಯಾರು ಮೊದಲು ಕಳುಹಿಸಿದರು ಎಂಬುದರ ಮೇಲೆ ಜಗಳ. ನಿಮ್ಮ ಇಮೇಲ್, ಮೊಬೈಲ್ ಸಂಖ್ಯೆ ಎರಡನೆಯ ಬಾರಿ ಕಂಡರೆ ಕಂಪನಿಯ ತಂತ್ರಾಂಶ 'ಡೂಪ್ಲಿಕೇಟ್' ಎನ್ನುತ್ತದೆ. ಮೊದಲು ಕಳುಹಿಸಿದವರ ಹಕ್ಕು ಎಷ್ಟೋ ಕಡೆ ಆರು ತಿಂಗಳು ಉಳಿಯುತ್ತದೆ. ಅಷ್ಟರಲ್ಲಿ ಅಲ್ಲೇ ಕೆಲಸ ಮಾಡುವ ಗೆಳತಿ ನಿಮ್ಮನ್ನು ರೆಫರ್ ಮಾಡಿದರೂ ಅದು ಲೆಕ್ಕಕ್ಕೆ ಬರುವುದು ಕಷ್ಟ. ಆದ್ದರಿಂದ ಒಪ್ಪುವ ಮೊದಲೇ ಅಲ್ಲಿ ಪರಿಚಯದವರು ಇದ್ದಾರೆಯೇ ನೋಡಿ. ಇದ್ದರೆ ಕನ್ಸಲ್ಟೆನ್ಸಿಯ ಗೊಡವೆಯೇ ಬೇಡ.

ಒಪ್ಪಿಗೆಯನ್ನು ಫೋನಿನಲ್ಲಿ ಕೊಡಬೇಡಿ, ಇಮೇಲ್‌ನಲ್ಲಿ ಕೊಡಿ. ನಾನು ಬರೆಯುವುದು ಇಷ್ಟೇ: "ಈ ಕಂಪನಿಯ ಈ ಹುದ್ದೆಗೆ ಮಾತ್ರ, ಲಗತ್ತಿಸಿರುವ ರೆಸ್ಯೂಮೆಯನ್ನು ಬದಲಾಯಿಸದೆ ಕಳುಹಿಸಲು ಒಪ್ಪಿದ್ದೇನೆ. ಬೇರೆ ಹುದ್ದೆಗಾದರೆ ಮತ್ತೆ ಕೇಳಿ." ಕಂಪನಿ, ಹುದ್ದೆಯ ಜಾಬ್ ಐಡಿ, ಕನ್ಸಲ್ಟೆನ್ಸಿ, ತಾರೀಖು ಇವಿಷ್ಟನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಆಗಲೇ ತುಂಬಿಬಿಡುತ್ತೇನೆ. ಮುಂದಿನ ಕರೆ ಬಂದಾಗ ಮೊದಲು ತೆರೆಯುವುದು ಅದನ್ನೇ.

'ಬದಲಾಯಿಸದೆ' ಎಂಬ ಮಾತು ಸುಮ್ಮನೆ ಸೇರಿಸಿದ್ದಲ್ಲ. ಒಂದು ಸಂದರ್ಶನದಲ್ಲಿ ಎದುರಿಗಿದ್ದವರು "ಅಪ್ಪಿಯಂನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೀರಲ್ಲ" ಎಂದು ಮಾತು ತೆಗೆದರು. ಮೊಬೈಲ್ ಆ್ಯಪ್ ಪರೀಕ್ಷಿಸುವ ಆ ಟೂಲನ್ನು ನಾನು ಮುಟ್ಟಿಯೇ ಇರಲಿಲ್ಲ. ಮೇಜಿನ ಮೇಲಿದ್ದ ಪ್ರತಿಯಲ್ಲಿ ನನ್ನ ಮೊಬೈಲ್ ಸಂಖ್ಯೆ ಇರಲಿಲ್ಲ, ಆ ಜಾಗದಲ್ಲಿ ಕನ್ಸಲ್ಟೆನ್ಸಿಯ ಲೋಗೊ. ಕೆಳಗೆ ನಾನು ಬರೆಯದ ಎರಡು ಸಾಲು. ಚೀಲದಲ್ಲಿದ್ದ ನನ್ನ ಪ್ರತಿಯನ್ನು ಮುಂದಿಟ್ಟೆ, ಸಂದರ್ಶನ ಅದರ ಮೇಲೆ ನಡೆಯಿತು. ವರ್ಡ್ ಕಡತವೇ ಬೇಕು ಎನ್ನುವವರಿಗೂ ನಾನು ಕೊಡುವುದು ಪಿಡಿಎಫ್. ಅದನ್ನೂ ತಿದ್ದಬಹುದು, ನಿಜ. ಹಾಗಾಗಿ ಕಂಪನಿಗೆ ಹೋದ ಪ್ರತಿಯನ್ನು ನನಗೂ ಕಳುಹಿಸಿ ಎಂದು ಕೇಳುತ್ತೇನೆ.

ಆಧಾರ್, ಪಿಎಫ್‌ನ ಯುಎಎನ್ ಸಂಖ್ಯೆ, ಸಂಬಳದ ಚೀಟಿ ಈ ಹಂತದಲ್ಲಿ ಯಾರಿಗೂ ಬೇಕಿಲ್ಲ. ನೋಂದಣಿ ಶುಲ್ಕ ಎಂದವರ ಫೋನ್ ಇಟ್ಟುಬಿಡಿ. ಈಗಿನ ಕಂಪನಿಗೆ ನಿಮ್ಮ ಪ್ರೊಫೈಲ್ ಕಾಣದಂತೆ ಮಾಡುವ ಆಯ್ಕೆ ನೌಕ್ರಿಯಲ್ಲೇ ಇದೆ.

ಎರಡು ವಾರ ಸದ್ದಿಲ್ಲವೇ? ರೆಸ್ಯೂಮೆ ನಿಜವಾಗಿ ಹೋಗಿದೆಯೇ ಎಂದು ಇಮೇಲ್‌ನಲ್ಲೇ ಕೇಳಿ. ಹೋಗಿಲ್ಲವೆಂದರೆ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ಬರೆದು, ಆಮೇಲೆ ಬೇರೆಯವರಿಗೆ ಹೂಂ ಅನ್ನಿ.