ಥೋರಿಯಂ ಎಂಬ ಲೋಹವೇ ಮುಂದಿನ ಅಣು ಇಂಧನ ಅಂತ ದೊಡ್ಡ ಮಾತು ಕೇಳಿದರೆ ತೂಗಿ ನೋಡುವುದು ಹೇಗೆ?

ಮೊದಲು ಕೇಳಬೇಕಾದ್ದು, ಬೆಂಕಿ ಹಚ್ಚುವುದು ಯಾರು ಅಂತ. ಥೋರಿಯಂ-232 ತಾನಾಗಿ ಸರಪಳಿ ಕ್ರಿಯೆ (ಒಂದು ಪರಮಾಣು ಒಡೆದಾಗ ಬಂದ ನ್ಯೂಟ್ರಾನ್ ಕಣ ಇನ್ನೊಂದನ್ನು ಒಡೆಯುತ್ತಾ ಹೋಗುವುದು) ನಡೆಸುವುದಿಲ್ಲ. ಅದು ಹಸಿ ಸೌದೆ ಇದ್ದ ಹಾಗೆ, ಪಕ್ಕದಲ್ಲಿ ಯುರೇನಿಯಂ-235 ಅಥವಾ ಪ್ಲುಟೋನಿಯಂ ಉರಿಯುತ್ತಿರಬೇಕು. ಅಲ್ಲಿಂದ ಬಂದ ನ್ಯೂಟ್ರಾನ್ ನುಂಗಿ ಅದು ಪ್ರೊಟಾಕ್ಟಿನಿಯಂ-233 ಆಗುತ್ತದೆ, ಅದರಲ್ಲಿ ಅರ್ಧದಷ್ಟು ಯುರೇನಿಯಂ-233 ಆಗುವುದಕ್ಕೇ ಸುಮಾರು 27 ದಿನ ಬೇಕು, ನಿಜವಾದ ಇಂಧನ ಈ ಕೊನೆಯದ್ದು. ಶುರುವಿನ ಇಂಧನ ಎಲ್ಲಿಂದ ಅಂತ ಹೇಳದ ಲೇಖನವನ್ನು ಅಲ್ಲೇ ಬಿಟ್ಟುಬಿಡಿ.

"ಬೇಕಾದಷ್ಟಿದೆ" ಅಂದರೆ ಒಪ್ಪಿಕೊಳ್ಳಿ. ಭೂಮಿಯ ಹೊರಪದರದಲ್ಲಿ ಯುರೇನಿಯಂಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಇದೆ.

"ಬಾಂಬ್ ಮಾಡಲು ಆಗಲ್ಲ" ಅಂದರೆ ಮಾತ್ರ ಸುಮ್ನೆ ತಲೆಯಾಡಿಸಬೇಡಿ. 1955ರಲ್ಲಿ ಅಮೆರಿಕ ಯುರೇನಿಯಂ-233 ಬಳಸಿಯೂ ಸ್ಫೋಟ ಪರೀಕ್ಷೆ ಮಾಡಿದೆ. ಥೋರಿಯಂನಿಂದ ಯುರೇನಿಯಂ-233 ಆಗುವಾಗ ಜೊತೆಗೇ ಹುಟ್ಟುವ ಯುರೇನಿಯಂ-232 ಕ್ಷಯಿಸುತ್ತಾ ಹೋದಂತೆ ತೀವ್ರ ಗಾಮಾ ಕಿರಣ ಬರುತ್ತವೆ, ಹಾಗಾಗಿ ಕದಿಯುವುದು ಕಷ್ಟ, ಸರಿ, ಆದರೆ ಅದೇ ಕಾರಣಕ್ಕೆ ಬಳಸಿದ ಇಂಧನದಿಂದ ಹೊಸ ಇಂಧನ ಸರಳು ಮಾಡುವ ಕೆಲಸವನ್ನೆಲ್ಲ ದಪ್ಪ ಗೋಡೆಯಾಚೆ ನಿಂತು ಯಂತ್ರದ ಕೈಯಲ್ಲೇ ಮಾಡಿಸಬೇಕು. ಖರ್ಚು ಏರುವುದು ಇಲ್ಲೇ.

"ಹೊಸ ತಂತ್ರಜ್ಞಾನ" ಅಂತೂ ಅಲ್ಲ. ಅಮೆರಿಕದ ಶಿಪ್ಪಿಂಗ್‌ಪೋರ್ಟ್ ಸ್ಥಾವರ 1977ರಿಂದ 1982ರವರೆಗೆ ಥೋರಿಯಂ, ಯುರೇನಿಯಂ-233 ಹಾಕಿಕೊಂಡೇ ಓಡಿತ್ತು. ಓಡುತ್ತೆ ಅಂತ ಗೊತ್ತಾಗಿದೆ ಅಲ್ವಾ, ಇನ್ನು ಖರ್ಚಿನ ಲೆಕ್ಕ ತೋರಿಸಿ ಅಂತ ಕೇಳಿ.