ಪ್ಯಾಕಪ್‌ಗೆ ಮುಂಚೆ ಒಂದು ನಿಮಿಷ ಬರೀ ಸದ್ದು ರೆಕಾರ್ಡ್ ಮಾಡಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಕಡೆ ಕಿರುಚಿತ್ರ ಶೂಟ್ ಮಾಡಲು ಹೊರಟಿರುವ ಗೆಳೆಯರಿಗೆ ಒಂದು ಸಲಹೆ. ನಮ್ಮ ಕ್ಲಬ್‌ನಲ್ಲಿ ಕ್ಯಾಮೆರಾ ಬಗ್ಗೆಯೇ ಮಾತು ಜಾಸ್ತಿ. ಆದರೆ ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ನೋಡುವುದಿಲ್ಲ, ಅಲ್ವಾ?

ಇನ್ನೊಂದು ಫೋನ್ ತಗೊಳ್ಳಿ. ಏರೋಪ್ಲೇನ್ ಮೋಡ್‌ಗೆ ಹಾಕಿ, ವಾಯ್ಸ್ ರೆಕಾರ್ಡರ್ ಆನ್ ಮಾಡಿ ನಟರ ಅಂಗಿ ಜೇಬಿನಲ್ಲಿಡಿ. ಮೈಕ್ ಸಾಮಾನ್ಯವಾಗಿ ಫೋನಿನ ಕೆಳತುದಿಯಲ್ಲಿರುತ್ತದೆ, ಹಾಗಾಗಿ ತಲೆಕೆಳಗಾಗಿ ಇಡಿ. ಟೇಕ್ ಶುರುವಿಗೆ ಕ್ಯಾಮೆರಾ ಎದುರು ಒಂದು ಜೋರು ಚಪ್ಪಾಳೆ ಹೊಡೆಯಿರಿ. ಎಡಿಟ್ ಮಾಡುವಾಗ ಕೈ ಕೂಡಿದ ಫ್ರೇಮಿಗೆ ಆ ಸದ್ದು ಹೊಂದಿಸಿದರೆ ತುಟಿ, ಮಾತು ಎರಡೂ ಸರಿಯಾಗುತ್ತವೆ.

ಕೊನೆಗೆ ಎಲ್ಲರೂ ಅಲುಗಾಡದೆ ನಿಂತು, ಒಂದು ನಿಮಿಷ ಅಲ್ಲಿನ ಸದ್ದು ಮಾತ್ರ ರೆಕಾರ್ಡ್ ಮಾಡಿ. ಹಕ್ಕಿ ಕೂಗು, ಹುಣಸೂರು ರಸ್ತೆಯ ಗಾಡಿಗಳ ಸದ್ದು ಟೇಕಿನಿಂದ ಟೇಕಿಗೆ ಬದಲಾಗುತ್ತದೆ. ಒಮ್ಮೆ ನಾವು ಇದನ್ನು ಬಿಟ್ಟುಬಿಟ್ಟೆವು. ಎರಡು ಶಾಟ್ ಜೋಡಿಸಿದ ಕಡೆಯೆಲ್ಲ ಹಕ್ಕಿ ದನಿ ಕತ್ತರಿಸಿದ ಹಾಗೆ ನಿಂತುಹೋಗುತ್ತಿತ್ತು. ಆ ಒಂದು ನಿಮಿಷಕ್ಕಾಗಿ ಮಾರನೇ ದಿನ ಬೆಳಿಗ್ಗೆ ಮತ್ತೆ ಕೆರೆಗೆ ಹೋದೆವು. ಆ ಸದ್ದನ್ನು ಎಡಿಟ್‌ನಲ್ಲಿ ಎಲ್ಲ ಶಾಟ್‌ಗಳ ಅಡಿಯಲ್ಲಿ ಹಾಸಿದ ಮೇಲೆ ಜೋಡಣೆ ಗೊತ್ತೇ ಆಗಲಿಲ್ಲ.

ಮನೆಯೊಳಗೆ ಶೂಟ್ ಇದ್ದರೆ ಕ್ಯಾಮೆರಾದ ಶಟರ್ ವೇಗ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಸಮಯ) 1/50 ಅಥವಾ 1/100 ಸೆಕೆಂಡ್ ಇರಲಿ. ನಮ್ಮ ಕರೆಂಟು 50 ಹರ್ಟ್ಸ್, ಶಟರ್ ಅದಕ್ಕೆ ಹೊಂದದಿದ್ದರೆ ವಿಡಿಯೋದಲ್ಲಿ ಟ್ಯೂಬ್‌ಲೈಟ್ ಮಿಣುಕುತ್ತದೆ.

ಹಾಂ, ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು. ಅನುಮತಿ ಮೊದಲೇ ಕೇಳಿ. ಡ್ರೋನ್ ಮಾತ್ರ ದಯವಿಟ್ಟು ಬೇಡ, ಅಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ.