ಕುಮಟಾದ ಸಣ್ಣ ಅಂಗಡಿಗಳಿಂದ ನಮ್ಮ ಮನೆ ಸಾಮಾನು

ನಮ್ಮ ಮನೆಗೆ ಬೇಕಾದದ್ದೆಲ್ಲ ಈಗ ಹೆಚ್ಚುಕಡಿಮೆ ಸಣ್ಣ ಅಂಗಡಿಗಳಿಂದಲೇ ಬರುತ್ತದೆ. ದಿನಸಿ ಪೇಟೆಯ ಕಿರಾಣಿ ಅಂಗಡಿಯಿಂದ, ತರಕಾರಿ ಬುಧವಾರದ ಸಂತೆಯಿಂದ, ಎಣ್ಣೆ ಗಾಣದಿಂದ, ಮೀನು ಬಾಗಿಲಿಗೇ ಬರುವ ಅಕ್ಕನಿಂದ. ಒಂದೇ ಸಲ ಎಲ್ಲ ಬದಲಿಸಲಿಲ್ಲ. ಮೊದಲು ಈರುಳ್ಳಿ, ಆಮೇಲೆ ಎಣ್ಣೆ, ಆಮೇಲೆ ಉಳಿದದ್ದು. ಯಾಕೆ ಇಷ್ಟು ಓಡಾಟ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಇಲ್ಲಿ ಮಾರುವವರಿಗೆ ತಮ್ಮ ಮಾಲು ಎಂಥದ್ದು ಅಂತ ಗೊತ್ತಿರುತ್ತದೆ. ಕೇಳಿದರೆ ಹೇಳುತ್ತಾರೆ.

ಈರುಳ್ಳಿಯನ್ನೇ ನೋಡಿ. ಅಳ್ವೆಕೋಡಿ, ಹಂದಿಗೋಣದ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಬೆಳೆಯುವ ಸಿಹಿ ಈರುಳ್ಳಿ ಬೇಸಿಗೆಯಲ್ಲಿ ಹೆದ್ದಾರಿ 66ರ ಬದಿಗೆ ಬರುತ್ತದೆ. ಸೊಪ್ಪಿನ ಸಮೇತ ಹೆಣೆದ ಗೊಂಚಲುಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ದೂರದಿಂದ ಎಲ್ಲ ಗೊಂಚಲೂ ಒಂದೇ ಥರ ಕಾಣುತ್ತವೆ. ನಾನು ದಪ್ಪ ಗಡ್ಡೆಯ ಒಂದು ಗೊಂಚಲು ಆರಿಸಿದಾಗ ಮಾರುವ ಅಮ್ಮ ಅದನ್ನು ಕೈಗೆ ತಗೊಂಡು, ಗಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಮೆತ್ತಗಿತ್ತು. "ಇದು ಈಗ ತಿನ್ನೂಕೆ ಅಡ್ಡಿಲ್ಲ. ಮಳೆಗಾಲಕ್ಕೆ ಇಡೂಕಾದ್ರೆ ಬೇರೆ ಕೊಡ್ತೆ" ಅಂದರು. ಬೇರೆಯದರ ಕುತ್ತಿಗೆ ಪೂರ್ತಿ ಒಣಗಿ ಸಣ್ಣಗಾಗಿತ್ತು, ಗಡ್ಡೆಯೂ ಸ್ವಲ್ಪ ಚಿಕ್ಕದು. ಕುತ್ತಿಗೆ ಹಸಿಯಿದ್ದರೆ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಅಂದಿನಿಂದ ಎರಡೂ ಥರದ್ದು ತರುತ್ತೇನೆ: ದಪ್ಪದ್ದು ಕೋಸಂಬರಿಗೆ, ಒಣಗಿದ್ದು ಅಡುಗೆಮನೆಯಲ್ಲಿ ಗಾಳಿಯಾಡುವ ಕಡೆ ತೂಗುಹಾಕಲು. ಬಲೆಚೀಲದಲ್ಲಿ ತೂಕ ಮಾಡಿಟ್ಟ ಈರುಳ್ಳಿ ಕೊಂಡರೆ ಇದನ್ನು ಯಾರು ಹೇಳುತ್ತಾರೆ?

ಎಣ್ಣೆಯದ್ದು ಇನ್ನೂ ಸುಲಭ. ಮನೆಯ ತೆಂಗಿನಕಾಯಿ ಒಡೆದು, ಬಿಸಿಲಿಗೆ ಒಣಗಿಸಿ, ಕೊಬ್ಬರಿಯನ್ನು ಗಾಣಕ್ಕೆ ಒಯ್ಯುತ್ತೇನೆ. ಕಾಯಿ ಇಲ್ಲದ ವರ್ಷ ಕೊಬ್ಬರಿ ಕೊಂಡು ಒಯ್ಯುತ್ತೇನೆ. ಗಾಣದವರು ಒಂದು ಚೂರು ಮುರಿದು ನೋಡುತ್ತಾರೆ. ಟಕ್ಕನೆ ಮುರಿಯಬೇಕು. ಬಗ್ಗಿದರೆ "ಇನ್ನೊಂದೆರಡು ಬಿಸಿಲು ಕೊಡಿ" ಅಂತ ವಾಪಸ್ ಕಳಿಸುತ್ತಾರೆ. ಹಸಿ ಕೊಬ್ಬರಿಯ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಅವತ್ತಿನ ವ್ಯಾಪಾರ ಬಿಟ್ಟು ವಾಪಸ್ ಕಳಿಸುತ್ತಾರಲ್ಲ, ಅದಕ್ಕೇ ನನಗೆ ಅವರ ಮೇಲೆ ಅಷ್ಟು ನಂಬಿಕೆ. ಚೆನ್ನಾಗಿ ಒಣಗಿದ್ದರೆ ಕೊಬ್ಬರಿಯ ತೂಕದ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಸಿಗುತ್ತದೆ. ಹಿಂಡಿಯೂ ನಮ್ಮದೇ, ದನಕ್ಕಾಗುತ್ತದೆ.

ದುಡ್ಡಿನ ಲೆಕ್ಕವನ್ನೂ ಹೇಳಬೇಕು. ಸೋಪು, ಬಟ್ಟೆ ಪುಡಿ, ಬಿಸ್ಕತ್ತಿನಂಥ ಪ್ಯಾಕೆಟ್ ಮಾಲು ದೊಡ್ಡ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದುಂಟು. ಅವರು ಒಟ್ಟಿಗೆ ಜಾಸ್ತಿ ಮಾಲು ಎತ್ತುತ್ತಾರೆ, ಎಂಆರ್‌ಪಿಗಿಂತ ಕಡಿಮೆಗೆ ಕೊಡಲು ಅವರಿಗೆ ಆಗುತ್ತದೆ. ಆದರೆ ನಮ್ಮ ಕಿರಾಣಿ ಅಂಗಡಿಯಲ್ಲಿ ನೂರು ಗ್ರಾಂ ಜೀರಿಗೆ, ಐವತ್ತು ಗ್ರಾಂ ಮೆಂತೆ ಕೇಳಿದರೂ ಪೊಟ್ಟಣ ಕಟ್ಟಿಕೊಡುತ್ತಾರೆ. ಈ ಕರಾವಳಿಯ ಮಳೆಗಾಲದಲ್ಲಿ ಕಿಲೋಗಟ್ಟಲೆ ತಂದಿಟ್ಟರೆ ಬೇಳೆಗೆ ಹುಳ, ಮೆಣಸಿಗೆ ಬೂಸ್ಟು. ಬೇಕಾದಷ್ಟೇ ತಂದರೆ ಬಿಸಾಡುವುದು ಇಲ್ಲ. ತಿಂಗಳ ಕೊನೆಗೆ ನನ್ನ ಖರ್ಚು ಏರಿಲ್ಲ. ಉಪ್ಪಿನಕಾಯಿಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಕಲ್ಲುಪ್ಪೂ ಅಲ್ಲೇ ಸಿಗುತ್ತದೆ. ಮಿಡಿ ಹಾಕುವವರಿಗೆ ಅದರ ಬೆಲೆ ಗೊತ್ತು.

2020ರ ಲಾಕ್‌ಡೌನಿನಲ್ಲಿ ಇದೇ ಅಂಗಡಿಯವರು ಫೋನಿನಲ್ಲಿ ಚೀಟಿ ಬರೆದುಕೊಂಡು ಸಾಮಾನು ಮನೆಗೆ ಕಳಿಸಿದರು. ದುಡ್ಡು ಆಮೇಲೆ ಕೊಟ್ಟರಾಯ್ತು ಅಂದರು.

ಹಾಗಾಗಿ ನನ್ನ ಕಡೆಯಿಂದಲೂ ಕೆಲವು ಪದ್ಧತಿ ಇಟ್ಟುಕೊಂಡಿದ್ದೇನೆ. ಉದ್ರಿ ಇಲ್ಲಿ, ರೊಕ್ಕ ದೊಡ್ಡ ಅಂಗಡಿಯಲ್ಲಿ ಅನ್ನುವುದು ಮಾಡುವುದಿಲ್ಲ. ಸಂತೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ತರುವ ಬಸಳೆ, ಹರಿವೆ ಕಟ್ಟಿಗೆ ಚೌಕಾಶಿ ಮಾಡುವುದಿಲ್ಲ. ಅದು ಅವರೇ ನೆಟ್ಟು, ನೀರು ಹಾಕಿ, ಬೆಳಿಗ್ಗೆ ಕೊಯ್ದು ಹೊತ್ತು ತಂದದ್ದು. ಕಿರಾಣಿ ಅಂಗಡಿಗೆ ಸಂಜೆ ಗಡಿಬಿಡಿಯಲ್ಲಿ ಹೋಗದೆ ಮಧ್ಯಾಹ್ನದ ಮೊದಲು ಹೋಗುತ್ತೇನೆ. ಆಗ ಅವರಿಗೂ ನಾಲ್ಕು ಮಾತಾಡಲು ಪುರುಸೊತ್ತು. ಮಾಲು ಚೆನ್ನಾಗಿರದಿದ್ದರೆ ನೇರ ಹೇಳುತ್ತೇನೆ. ಸುಮ್ನೆ ಅಂಗಡಿ ಬದಲಿಸಿದರೆ ಅವರಿಗೆ ತಿಳಿಯುವುದಾದರೂ ಹೇಗೆ, ಅಲ್ವಾ?

ಮೀನು ಕೊಳ್ಳುವವರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಸಮಯದಲ್ಲಿ ಬುಟ್ಟಿಯಲ್ಲಿರುವುದು ಇಲ್ಲಿಯ ಸಣ್ಣ ದೋಣಿಯದ್ದೋ, ಹೊರಗಿಂದ ಐಸಿನಲ್ಲಿ ಬಂದದ್ದೋ ಅಂತ ಕೇಳಿ. ನಮ್ಮ ಅಕ್ಕ ಯಾವತ್ತೂ ಮುಚ್ಚಿಟ್ಟಿಲ್ಲ. ತಾರ್ಲೆ, ಬಂಗಡೆ ಸರಿಯಿಲ್ಲದ ದಿನ "ಇವತ್ತು ಬೇಡ" ಅಂತ ಬುಟ್ಟಿ ಇಳಿಸದೆ ಮುಂದೆ ಹೋಗುತ್ತಾರೆ. ಒಣಮೀನು ಬೇಕಿದ್ದರೆ ಮೇ ತಿಂಗಳಲ್ಲೇ ಹೇಳಿಡಿ. ಮಳೆ ಹಿಡಿದ ಮೇಲೆ ಒಳ್ಳೆಯದು ಸಿಗುವುದು ಕಷ್ಟ.